ತಣ್ಣೀರಿನಲ್ಲಿ ತೊಳೆಯಿರಿ

ಕಿಲ್ಬರ್ನ್, ಅಡಿಲೇಡ್
9 ಮಾರ್ಚ್ 2015

ಅಹಲ್ಯಾ,

ಎರಡು ವಾರದ ಹಿಂದಿನ ಮಾತು. ಮಧ್ಯಾಹ್ನ ಮೂರೂ ಹತ್ತು. ಗೂಡ್ಸ್ ರೈಲಿನ ಕೂಗು. ಹಿತ್ತಲ ಬೇಲಿಯ ಆಚೆಗೇ ಹಳಿ ಇರುವುದರಿಂದ ಕಿಟಕಿಯ ಗಾಜು ಸಣ್ಣಗೆ ನಡುಗುತ್ತದೆ. ನನಗೆ ಎಚ್ಚರವಾಯಿತು. ಪಕ್ಕದಲ್ಲಿ ಮಲಗಿದ್ದ ತೇಜಸನಿಗೆ ಆಗಲಿಲ್ಲ.

ತೇಜಸ ನನ್ನ ಮಗ. ಒಂದೂವರೆ ವರ್ಷ. ಕುಕ್ಕರ್ ಕೂಗಿದರೂ ಬೆಚ್ಚಿ ಏಳುವ ಕೂಸು. ಎಂಟನೆಯ ತಿಂಗಳಲ್ಲಿ ಅವನಿಗೆ ಫಿಟ್ಸ್ ಶುರುವಾದ ಮೇಲೆ ನಾನು ಕಣ್ಣು ಮುಚ್ಚಿದರೂ ಕಿವಿ ಮಾತ್ರ ಎದ್ದೇ ಇರುತ್ತದೆ. ಆದರೆ ಆ ವಾರ ಅವನು ಗಡದ್ದಾಗಿ ನಿದ್ದೆ ಮಾಡುತ್ತಿದ್ದ, ಅವನ ಪಕ್ಕದಲ್ಲಿ ನಾನೂ. ಮೈಸೂರಿನಿಂದ ಬಂದಿರುವ ನಮ್ಮತ್ತೆ ಸುಭದ್ರಮ್ಮ, "ನೋಡು, ಅಜ್ಜಿ ಬಂದಿದ್ದೇ ಬಂದಿದ್ದು, ತಾಯಿ ಮಗ ಇಬ್ಬರೂ ಹೇಗೆ ನಿದ್ದೆ ಹೊಡೀತಿದೀರಿ" ಅಂತ ಹಿಗ್ಗುತ್ತಿದ್ದರು. ನಾನೂ ಹಿಗ್ಗಿದ್ದೆ.

ರೈಲು ಹೋಯಿತು. ಅವನ ಅಂಗಾಲು ಕೆರೆದೆ. ಹೆಸರು ಹಿಡಿದು ಕೂಗಿದೆ. ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿದ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ, ಫಿಟ್ಸ್‌ಗೆ ಕೊಡುವ ಸಿರಪ್ಪು ಬೇಕಾದ್ದಕ್ಕಿಂತ ಹೆಚ್ಚು ಹೋಗಿದೆ ಎಂದರು. ಒಂದು ರಾತ್ರಿ ಇಟ್ಟುಕೊಂಡು ಕಳಿಸಿದರು. ಈಗ ಆರಾಮಾಗಿದ್ದಾನೆ. ಈ ಮಾತನ್ನು ಮೊದಲೇ ಬರೆಯಬೇಕಿತ್ತು, ನೋಡು, ಕೊನೆಗೆ ಬರೆದೆ.

ಬಾಟಲಿಯ ಜೊತೆ ಸೂಜಿಯಿಲ್ಲದ ಒಂದು ಪ್ಲಾಸ್ಟಿಕ್ ಸಿರಿಂಜು ಬರುತ್ತದೆ. ಅದರ ಮೈಮೇಲೆ ಅಳತೆಯ ನೀಲಿ ಗೆರೆಗಳು. ಅತ್ತೆ ದಿನಾ ಅದನ್ನು ಒಳಲೆ, ಹಾಲಿನ ಬಾಟಲಿಗಳ ಜೊತೆ ಕುದಿಯುವ ನೀರಿಗೆ ಹಾಕಿ ತೆಗೆಯುತ್ತಿದ್ದರು. ಮಗುವಿನ ಬಾಯಿಗೆ ಹೋಗುವುದನ್ನು ಕುದಿಸದೆ ಕೊಡುವ ಅಜ್ಜಿ ನಮ್ಮಲ್ಲಿ ಯಾರಿದ್ದಾರೆ? ಗೆರೆಗಳು ಒಂದೊಂದಾಗಿ ಮಾಸಿದವು. ಉಳಿದದ್ದರಿಂದ ಅಂದಾಜು ಮಾಡಿ ಎಳೆಯುತ್ತಿದ್ದೆವು, ಅತ್ತೆಯೂ ನಾನೂ. ಹೊಸ ಸಿರಿಂಜು ಬೇಕಾದರೆ ಹೊಸ ಬಾಟಲಿಯನ್ನೇ ಕೊಳ್ಳಬೇಕು. ಬೇರೆ ಸಿರಿಂಜು ಆ ಬಾಟಲಿಯ ಬಾಯಿಗೆ ಕೂರದ ಹಾಗೆ ಮಾಡಿದ್ದಾರೆ. ನಮ್ಮ ವೀಸಾಕ್ಕೆ ಇನ್ನೂ ಮೆಡಿಕೇರ್ ವಿಮೆ ಇಲ್ಲ, ಸರ್ಕಾರದ ರಿಯಾಯಿತಿಯೂ ಇಲ್ಲ. ಪೂರ್ತಿ ಬೆಲೆ ತೆತ್ತ ಔಷಧಿಯನ್ನು ಅರ್ಧಕ್ಕೆ ಎಸೆಯಲು ಮನಸ್ಸಾಗಲಿಲ್ಲ.

ಇದನ್ನೆಲ್ಲ ನಿನಗೆ ಒಂದು ಸಲ ಹೇಳಿದ್ದೇನೆ, ಇಂಗ್ಲಿಷಿನಲ್ಲಿ. ಹೋದ ಬುಧವಾರ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ 'ಮಿಸೆಸ್ ಕುಮಾರ್' ನಾನೇ. ನೀನು 'ಗುಡ್ ಆಫ್ಟರ್‌ನೂನ್' ಅಂದ ಕೂಡಲೇ ಗೊತ್ತಾಯಿತು. ಮೈಸೂರಿನ ಗಂಗೋತ್ರಿಯ ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿದ್ದವರು ನಾವು. ನಿನಗೂ ಗೊತ್ತಾಯಿತು, ನಿನ್ನ ಕೀಬೋರ್ಡಿನ ಸದ್ದು ಒಂದು ಕ್ಷಣ ನಿಂತಿತು. ಆಮೇಲೆ ನೀನು, "ಸಿರಿಂಜನ್ನು ತಣ್ಣೀರಿನಲ್ಲಿ ಮಾತ್ರ ತೊಳೆಯಿರಿ ಎಂದು ಕರಪತ್ರದಲ್ಲಿ ಬರೆದಿದೆ, ಮೇಡಮ್" ಅಂದೆ. ನಾನು "ಥ್ಯಾಂಕ್ಯೂ" ಅಂದೆ. ಇಬ್ಬರೂ ಕೊನೆಯತನಕ ಅಪರಿಚಿತರಾಗಿಯೇ ಮಾತಾಡಿದೆವು. ಫೋನ್ ಇಡುವ ಮುಂಚೆ ಮಾತ್ರ ನೀನು ಓದಿ ಹೇಳುವ ದನಿ ಬಿಟ್ಟು, "ಈಗ ಮಗು ಎದ್ದಿದ್ದಾನಾ?" ಅಂತ ಕೇಳಿದೆ. ಅದು ನಿನ್ನ ಮುಂದಿದ್ದ ಕಾಗದದಲ್ಲಿ ಇರಲಿಲ್ಲ ಅಂತ ನನಗೆ ಗೊತ್ತು.

ನಿನ್ನ ವಿಳಾಸವನ್ನು ನಮ್ಮ ಹಾಸ್ಟೆಲಿನ ಸರಸ್ವತಿ ಕೊಟ್ಟಳು. ನಮ್ಮಿಬ್ಬರ ಮಾತು ಯಾಕೆ ನಿಂತಿತ್ತು ಅನ್ನುವುದು ನೆನಪಿಲ್ಲದವರ ಹಾಗೆ ಇಬ್ಬರೂ ಇದ್ದುಬಿಡೋಣ. ಒಂದೇ ಒಂದು ಕೇಳುತ್ತೇನೆ. ಗೆರೆ ಅಳಿಸುವುದು ನಮ್ಮೊಬ್ಬರ ಮನೆಯಲ್ಲೇನಾ?

ನಿನ್ನ,
ಬನಶಂಕರಿ

*

ಇಂಡೂರೂಪಿಲ್ಲಿ, ಬ್ರಿಸ್ಬೇನ್
28 ಮಾರ್ಚ್ 2015

ಬನು,

ನಿನ್ನ ಅಕ್ಷರ ಇನ್ನೂ ಹಾಗೇ ಬಲಕ್ಕೆ ವಾಲುತ್ತದೆ, ಬಸ್ಸಿನಲ್ಲಿ ನಿಂತವಳ ಹಾಗೆ. ಲಕೋಟೆ ನೋಡಿಯೇ ಗುರುತು ಹಿಡಿದೆ. ಎರಡು ದಿನ ಒಡೆಯದೆ ಇಟ್ಟಿದ್ದೆ.

ತೇಜಸ ಹುಷಾರಾಗಿದ್ದಾನೆ ಎಂದು ಓದಿ ಸಮಾಧಾನವಾಯಿತು. ಊಟ ಸರಿಯಾಗಿ ಮಾಡುತ್ತಾನಾ? ನಡೆಯುವಾಗ ವಾಲುತ್ತಾನಾ? ಒಂದು ಫೋಟೊ ಕಳಿಸು. ನಿನ್ನ ಗಂಡನ ಹೆಸರು ವಸಂತಕುಮಾರ್ ಅಂತ ಸರಸ್ವತಿಯೇ ಹೇಳಿದಳು. ಮದುವೆಗೆ ನಾನು ಬರಲಿಲ್ಲ. ಇರಲಿ.

ನಾನಿರುವುದು ದೊಡ್ಡ ಶಾಪಿಂಗ್ ಸೆಂಟರಿನ ಹಿಂದಿನ ರಸ್ತೆಯಲ್ಲಿ, ಎರಡನೇ ಮಹಡಿ. ಸುತ್ತಲೂ ಯೂನಿವರ್ಸಿಟಿ ಹುಡುಗರು. ಕೆಳಗಿನ ಮನೆಯಲ್ಲಿ ಹುಬ್ಬಳ್ಳಿ ಕಡೆಯ ಮೂವರಿದ್ದಾರೆ. ಒಬ್ಬ ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುತ್ತಾನೆ, ಅದನ್ನು ಸರ್ವೋ ಅಂತಾನೆ. ಸಿಕ್ಕಾಗಲೆಲ್ಲ "ಅಕ್ಕಾ, ಚಪಾತಿ ಹಿಟ್ಟು ಐತೇನ್ರಿ?" ಅಂತ ಕೇಳುತ್ತಾನೆ. ಪರ್ತ್‌ನವರ ಗಡಿಯಾರ ನಮಗಿಂತ ಹಿಂದೆ ಇರುವುದರಿಂದ ಅವರ ಫೋನುಗಳಿಗಾಗಿ ನನಗೆ ತಡವಾದ ಪಾಳಿ. ಮನೆಗೆ ಬರುವ ಹೊತ್ತಿಗೆ ಬೀದಿ ಮಲಗಿರುತ್ತದೆ.

ಕೆಲಸದ ವಿಷಯ ಬರೆಯಬೇಡ ಬನು. ನನ್ನ ವೀಸಾ ಈ ಕಂಪನಿಯ ಮೇಲೆ ನಿಂತಿದೆ.

ಹೊಸ ಸಿರಿಂಜು ತಂದ ದಿನವೇ, ಇನ್ನೂ ಗೆರೆ ಇರುವಾಗಲೇ, ಅದರ ಮೇಲೆ ಪಾರದರ್ಶಕ ಟೇಪು ಸುತ್ತಿಬಿಡು. ಯಾರು ಹೇಳಿದರು ಅಂತ ಯಾರಾದರೂ ಕೇಳಿದರೆ, ನಿನಗೇ ಹೊಳೆಯಿತು ಅನ್ನು.

ಅಹಲ್ಯಾ

*

ಕಿಲ್ಬರ್ನ್
17 ಮೇ 2015

ಪ್ರೀತಿಯ ಅಹಲ್ಯಾ,

ಫೋಟೊ ಇಟ್ಟಿದ್ದೇನೆ. ಅವನ ಕೈಯಲ್ಲಿರುವುದು ವೆಜಿಮೈಟ್ ಹಚ್ಚಿದ ಬ್ರೆಡ್ಡು. ಅತ್ತೆ ಆ ಕಪ್ಪು ಉಪ್ಪುಪ್ಪು ಲೇಪವನ್ನು ಹುಣಿಸೆ ಗೊಜ್ಜು ಅಂದುಕೊಂಡು ಬೆರಳಲ್ಲಿ ನೆಕ್ಕಿ, ಸಿಂಕಿಗೆ ಓಡಿಹೋಗಿದ್ದರು. ಇವನು "ಅಜ್ಜಿ, ಯಮ್ಮಿ!" ಅಂತ ಹಿಂದೆಯೇ ಓಡಿದ. ನಡೆಯುವಾಗ ವಾಲುವುದಿಲ್ಲ. ಓಡುವಾಗ ಮಾತ್ರ ಬೀಳುತ್ತಾನೆ, ಎಲ್ಲ ಮಕ್ಕಳ ಹಾಗೆ.

ಟೇಪು ಸುತ್ತಿದೆ. ಗೆರೆ ನಿಂತಿದೆ. ಆ ಉಪಾಯ ನಿನಗೆ ಯಾರು ಹೇಳಿದರು ಅಂತ ನಾನು ಕೇಳುವುದಿಲ್ಲ.

ನೀನು ಬೇಡ ಅಂದರೂ ಕೆಲಸದ ವಿಷಯ ಬರೆಯುತ್ತಿದ್ದೇನೆ. ನಿನ್ನ ಕೆಲಸದ್ದಲ್ಲ, ನನ್ನದು. ಕಂಪನಿಗೆ ಲಿಖಿತವಾಗಿ ದೂರು ಕೊಟ್ಟಿದ್ದೆ. ಉತ್ತರ ಬಂತು. ತುಂಬಾ ಮರ್ಯಾದೆಯ ಕಾಗದ. ಮಗುವಿಗೆ ಶುಭ ಹಾರೈಸಿದ್ದಾರೆ. ಕೊನೆಯ ಸಾಲಿನಲ್ಲಿ, ಪರಿಶೀಲಿಸಿದಾಗ ಇದು ಬಳಕೆದಾರರ ತಪ್ಪು ಎಂದು ಕಂಡುಬಂದಿದೆ ಅಂತ ಬರೆದಿದ್ದಾರೆ.

ಅತ್ತೆ ಮೈಸೂರಿನ ಹೈಸ್ಕೂಲಿನಲ್ಲಿ ಇಡೀ ಜೀವಮಾನ ಗಣಿತ ಕಲಿಸಿದವರು. ಕಾಗದ ಓದಿ, ಮಡಿಕೆ ಕೆಡದ ಹಾಗೆ ಮತ್ತೆ ಮಡಿಚಿ, "ಬಳಕೆದಾರರು ಅಂದ್ರೆ ನಾನು ತಾನೆ?" ಅಂದರು.

"ನಾವು, ಅತ್ತೆ."

"ಕುದಿಸಿದ್ದು ನಾನು."

ಅವತ್ತಿನಿಂದ ಅವರು ಮಗುವಿನ ಔಷಧಿ ಮುಟ್ಟುವುದಿಲ್ಲ. ಔಷಧಿಯ ಹೊತ್ತಾದರೆ ಹಿತ್ತಲಿಗೆ ಹೋಗಿ ದೊಡ್ಡಪತ್ರೆ ಕೀಳುತ್ತಾರೆ. ದಿನಕ್ಕೆ ಎರಡು ಸಲ ದೊಡ್ಡಪತ್ರೆ ತಂಬುಳಿ ಉಣ್ಣುವ ಮನೆ ಅಡಿಲೇಡಿನಲ್ಲಿ ನಮ್ಮದೊಂದೇ ಇರಬೇಕು. ಕೂಸನ್ನು ಎತ್ತಿಕೊಳ್ಳುವ ಮುಂಚೆ ನನ್ನ ಮುಖ ನೋಡುತ್ತಾರೆ, ಅಪ್ಪಣೆ ಕೇಳುವವರ ಹಾಗೆ. ಅದನ್ನು ನೋಡಲು ನನ್ನಿಂದ ಆಗುವುದಿಲ್ಲ. ಆ ಮಾತನ್ನು ಕಂಪನಿ ಹಿಂದಕ್ಕೆ ತೆಗೆದುಕೊಳ್ಳಬೇಕು, ಗೆರೆ ಅಳಿಸದ ಸಿರಿಂಜು ಮಾಡಬೇಕು. ನನಗೆ ಬೇಕಾಗಿರುವುದು ಇಷ್ಟೇ.

ಪ್ರಾಸ್ಪೆಕ್ಟ್ ರೋಡಿನ ಇಂಡಿಯನ್ ಅಂಗಡಿಯಲ್ಲಿ ಕನ್ನಡ ಸಂಘದ ಒಬ್ಬರು ಸಿಕ್ಕಿ, ಪರ್ತ್‌ನ ವಿಶಾಲಾಕ್ಷಿ ಆಂಟಿಯ ನಂಬರ್ ಕೊಟ್ಟರು. ಈ ದೇಶಕ್ಕೆ ಬಂದು ಎಷ್ಟೋ ವರ್ಷವಾದವರು. ಔಷಧಿ ಬಳಸುವವರ ಪರವಾಗಿ ಕಂಪನಿಗಳ ಜೊತೆ ಜಗಳ ಆಡುವ ಒಂದು ಸಣ್ಣ ಗುಂಪು ನಡೆಸುತ್ತಾರೆ. ಫೋನ್ ಮಾಡಿ, "ಆಂಟಿ, ಪಾಪ ನಮ್ಮತ್ತೆ..." ಅಂತ ಶುರು ಮಾಡಿದೆ.

"ಪಾಪ ಆಮೇಲೆ ಅನ್ನೋಣಮ್ಮ. ಹಳೇ ಸಿರಿಂಜ್ ಎಸೆದ್ಯಾ, ಇಟ್ಟಿದೀಯಾ?"

"ಇಟ್ಟಿದೀನಿ."

"ಜಾಣೆ. ಅತ್ತೆ ಅಳ್ತಿದಾರಾ?"

"ಇಲ್ಲ ಆಂಟಿ, ದೊಡ್ಡಪತ್ರೆ ಕೀಳ್ತಿದಾರೆ."

"ಅಯ್ಯೋ, ಅದು ಅಳೋದಕ್ಕಿಂತ ಕಷ್ಟ. ಬೇಗ ಕೆಲಸ ಶುರು ಮಾಡೋಣ."

ಶುರು ಮಾಡಿದ್ದು ವಸಂತ. ಅವನು ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದಾನೆ. ಏಸಿ ಗುಂಡಿಯ ಮೇಲಿನ ಅಕ್ಷರ ಉಜ್ಜಿದರೆ ಹೋಗುತ್ತದಾ ಅಂತ ನೋಡುವುದೇ ಅವನ ಉದ್ಯೋಗ. ಇಷ್ಟು ವರ್ಷ ಅದನ್ನು ನಾನು ಆಡಿಕೊಂಡು ನಗುತ್ತಿದ್ದೆ. "ಕಾರಿನ ಗುಂಡಿ ಮೇಲೆ ಬರೆದಿರೋದು ಕಾರು ಗುಜರಿಗೆ ಹೋಗೋ ತನಕ ಇರಬೇಕು ಅಂತ ರೂಲಿದೆ ಕಣೇ," ಅಂದ. "ಮಗು ಔಷಧಿದಕ್ಕೆ ಇಲ್ವಾ?"

ಪೂರ್ತಿ ಬೆಲೆ ತೆತ್ತು ಎರಡು ಹೊಸ ಬಾಟಲಿ, ಎರಡು ಹೊಸ ಸಿರಿಂಜು. ಒಂದನ್ನು ಅತ್ತೆಯ ಹಾಗೆ ಕುದಿಸಿದ. ಇನ್ನೊಂದನ್ನು ಕರಪತ್ರದಲ್ಲಿ ಬರೆದ ಹಾಗೇ ತಣ್ಣೀರಿನಲ್ಲಿ ತೊಳೆದ. ಸಿರಪ್ಪು ಎಳೆಯುವುದು, ತೊಳೆಯುವುದು, ಒರೆಸುವುದು. ಅಡುಗೆಮನೆಯ ಕಟ್ಟೆಯ ಮೇಲೆ ವಾರಗಟ್ಟಲೆ ಇದೇ ವ್ರತ. ಕುದಿಸಿದ್ದು ಬೇಗ ಅಳಿಸಿತು. ತಣ್ಣೀರಿನದು ನಿಧಾನವಾಗಿ ಅಳಿಸಿತು. ಆದರೆ ಅಳಿಸಿತು, ಅಹಲ್ಯಾ! ಸಿರಪ್ಪಿಗೆ ಹಾಕಿರುವ ಕಿತ್ತಳೆಯ ಎಣ್ಣೆಯೇ ಆ ಶಾಯಿಯನ್ನು ತಿನ್ನುತ್ತದೆ ಅಂತ ವಸಂತನ ಅನುಮಾನ. ನಿಮ್ಮ ಔಷಧಿ ನಿಮ್ಮ ಗೆರೆಯನ್ನೇ ತಿನ್ನುತ್ತಿದೆ.

'ನಿಮ್ಮ' ಅಂತ ಬರೆದುಬಿಟ್ಟೆ. ಹೊಡೆದು ಹಾಕುವುದಿಲ್ಲ, ಕಾಗದ ಕೊಳಕಾಗುತ್ತದೆ. ನಿನ್ನನ್ನು ಸೇರಿಸಿ ಅಂದದ್ದಲ್ಲ ಅಂತ ಓದಿಕೋ.

ಬನು

*

ಇಂಡೂರೂಪಿಲ್ಲಿ
5 ಜುಲೈ 2015

ಬನು,

'ನಿಮ್ಮ' ಅಂತ ಸರಿಯಾಗಿಯೇ ಬರೆದಿದ್ದೀಯ.

ಫೋಟೊ ಫ್ರಿಜ್ಜಿನ ಮೇಲಿದೆ. ದಿನಾ ಹಾಲು ತೆಗೆಯುವಾಗ ಅವನ ಮುಖ ನೋಡುತ್ತೇನೆ. ಅದಕ್ಕೇ ಇಷ್ಟು ತಡವಾಯಿತೋ, ಅದಕ್ಕೇ ಇವತ್ತು ಬರೆಯುತ್ತಿದ್ದೇನೋ, ಗೊತ್ತಿಲ್ಲ.

ಟೇಪಿನ ಉಪಾಯ ಟೌನ್ಸ್‌ವಿಲ್ಲಿನ ಒಬ್ಬ ಅಜ್ಜಿಯದು. ಆಕೆ ಮೊಮ್ಮಗಳ ಸಿರಿಂಜನ್ನು ಕುದಿಸಿದ್ದಳು. ಕುದಿಸುವ ಅಜ್ಜಿ ನಿಮ್ಮತ್ತೆ ಒಬ್ಬರೇ ಅಲ್ಲ ಅಂತ ಅವರಿಗೆ ಹೇಳು. ಬೇಡ, ಹೇಳಬೇಡ. ಪರ್ತ್‌ನಿಂದ ಒಬ್ಬ ತಂದೆ ಫೋನ್ ಮಾಡಿದ್ದ. ಅವನು ತಣ್ಣೀರಿನಲ್ಲೇ ತೊಳೆದಿದ್ದನಂತೆ. ನಾನು ಕರಪತ್ರ ಓದಿ ಹೇಳುತ್ತಿದ್ದೆ, ಅವನು "ಅದನ್ನೇ ಮಾಡಿದೆ, ಅದನ್ನೇ ಮಾಡಿದೆ" ಅನ್ನುತ್ತಿದ್ದ, ನಾನು ಮತ್ತೆ ಅದೇ ಸಾಲು ಓದುತ್ತಿದ್ದೆ. ಇಂಥವರು ಇನ್ನೂ ಇದ್ದಾರೆ.

ಇವರ ಫೋನನ್ನು ನಾವು ದೂರು ಅಂತ ಬರೆದುಕೊಳ್ಳುವುದಿಲ್ಲ. ಕಂಪ್ಯೂಟರಿನಲ್ಲಿ 'ತೊಳೆಯುವ ಬಗ್ಗೆ ಮಾಹಿತಿ ಕೇಳಿದವರು' ಅಂತ ಒಂದು ವಿಭಾಗ ಇದೆ, ಅಲ್ಲಿ ಹಾಕುತ್ತೇವೆ. ಹಾಗೆ ಹಾಕಿ ಅಂತ ನಮಗೆ ತರಬೇತಿಯಲ್ಲೇ ಹೇಳಿಕೊಟ್ಟಿದ್ದಾರೆ. ಫೋನಿನಲ್ಲಿ ಸಿರಿಂಜಿನ ದೂರು ಎಷ್ಟು ಬಂದಿದೆ ಅಂತ ಮೇಲಿನವರು ನೋಡಿದರೆ ಯಾವಾಗಲೂ ಸೊನ್ನೆ. ಅವರು ಸುಳ್ಳು ಹೇಳುತ್ತಿಲ್ಲ, ತಪ್ಪು ಜಾಗದಲ್ಲಿ ನೋಡುತ್ತಿದ್ದಾರೆ. ನಿನ್ನ ಫೋನನ್ನೂ ಅಲ್ಲೇ ಹಾಕಿದೆ.

ಈ ಔಷಧಿಯ ಮೇಜಿನಲ್ಲಿ ನಾವಿಬ್ಬರೇ. ಇನ್ನೊಬ್ಬಳು ಹೆರಿಗೆ ರಜೆಯಲ್ಲಿದ್ದಾಳೆ. ಈ ಮಾತು ಹೊರಗೆ ಹೋದರೆ ಯಾರ ಬಾಯಿಂದ ಹೋಯಿತು ಅಂತ ಯಾರೂ ಹುಡುಕಬೇಕಾಗಿಲ್ಲ. ಕೆಲಸ ಹೋದರೆ ಮೂರು ತಿಂಗಳೊಳಗೆ ಇನ್ನೊಬ್ಬರು ಕೆಲಸ ಕೊಟ್ಟು ವೀಸಾಕ್ಕೆ ನಿಲ್ಲಬೇಕು, ಇಲ್ಲವೆಂದರೆ ಗಂಟುಮೂಟೆ. ನನಗೆ ಈ ಊರು ಹಿಡಿಸಿಬಿಟ್ಟಿದೆ ಬನು. ನಮ್ಮ ಮನೆಯಲ್ಲಿ ಯಾರೂ ನನ್ನ ದಾರಿ ಕಾಯುತ್ತಿಲ್ಲ ಅನ್ನುವುದು ನಿನಗೆ ಗೊತ್ತು.

ಅತ್ತೆಗೆ ನನ್ನ ನಮಸ್ಕಾರ.

ಅಹಲ್ಯಾ

*

ಕಿಲ್ಬರ್ನ್
20 ಸೆಪ್ಟೆಂಬರ್ 2015

ಅಹಲ್ಯಾ,

ಮೊದಲು ಸಿಹಿ ಸುದ್ದಿ. ತೇಜಸನಿಗೆ ಎರಡು ತುಂಬಿತು. ಫಿಟ್ಸ್ ಬರದೆ ಎಷ್ಟೋ ತಿಂಗಳಾಯಿತು. ಹೀಗೇ ಇದ್ದರೆ ಔಷಧಿಯನ್ನು ಮೆಲ್ಲಗೆ ಕಡಿಮೆ ಮಾಡುವ ಯೋಚನೆ ಮಾಡಬಹುದು ಅಂತ ಡಾಕ್ಟರು ಹೇಳಿದ್ದಾರೆ. ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. "ಬೇಡ ಕಂದಾ, ಅದು ಬಿಸಿ" ಅಂದರೆ "ಹಾಟ್! ಐ ನೋ!" ಪಕ್ಕದ ಮನೆಯವರು ಹಿತ್ತಲಲ್ಲಿ ಮಾಂಸ ಸುಟ್ಟು ತಿನ್ನುವ ತಮ್ಮ ಬಾರ್ಬಿಗೆ ಕರೆದಿದ್ದರು. ಅವರು ಸುಡುವ ಒಲೆಯ ಪಕ್ಕದಲ್ಲೇ ಅತ್ತೆ ತವಾ ಇಟ್ಟು ದೋಸೆ ಹುಯ್ದರು, ಬಿಸಿಬಿಸಿ ಖಾಲಿಯಾಯಿತು. ನಾನು ಈಗ ರಾತ್ರಿ ಕೆಲವು ಗಂಟೆಯಾದರೂ ನಿದ್ದೆ ಮಾಡುತ್ತೇನೆ. ಎದ್ದಾಗ ಹೆದರಿಕೆಯಿಂದ ಏಳುವುದಿಲ್ಲ, ಅಭ್ಯಾಸದಿಂದ ಏಳುತ್ತೇನೆ.

ಇನ್ನೊಂದು ಸುದ್ದಿ ನಿನಗೆ ಆಫೀಸಿನಲ್ಲೇ ಗೊತ್ತಾಗಿರಬೇಕು. ವಿಶಾಲಾಕ್ಷಿ ಆಂಟಿ ಬಿಡಲಿಲ್ಲ. ಅವರೂ ನಾನೂ ಕಾಗದದ ಮೇಲೆ ಕಾಗದ ಬರೆದು, ಸರ್ಕಾರಕ್ಕೂ ಬರೆದು, ಕೊನೆಗೆ ಕಂಪನಿ ಒಪ್ಪಿಕೊಂಡಿತು: ಇನ್ನು ಮುಂದೆ ಸಿರಿಂಜಿಗಾಗಿ ಹೊಸ ಬಾಟಲಿ ಕೊಳ್ಳಬೇಕಿಲ್ಲ, ಕೇಳಿದರೆ ಔಷಧಿ ಅಂಗಡಿಯವರು ಪುಕ್ಕಟೆ ಕೊಡುತ್ತಾರೆ. ಪ್ರಾಸ್ಪೆಕ್ಟಿನ ಔಷಧಿ ಅಂಗಡಿಯವಳು ನನ್ನ ಕೈಗೆ ಎರಡು ಕೊಟ್ಟು, "ಗುಡ್ ಆನ್ ಯಾ, ಡಾರ್ಲ್" ಅಂತ ಶಹಭಾಸ್ ಹೇಳಿದಳು. ಮನೆಗೆ ಬರುವತನಕ ನಗುತ್ತಲೇ ಇದ್ದೆ.

ಆದರೆ ಗೆರೆ ಬದಲಾಯಿಸುವುದಿಲ್ಲವಂತೆ. ಪ್ಲಾಸ್ಟಿಕ್ಕಿನಲ್ಲೇ ಉಬ್ಬಿ ಬರುವ ಗೆರೆ ಮಾಡಿ ಅಂದರೆ, ಒಬ್ಬರ ಅಡುಗೆಮನೆಯ ಪರೀಕ್ಷೆ ನಂಬಿ ಅಚ್ಚು ಬದಲಾಯಿಸಲಾಗದು, ಬೇರೆ ಯಾರಿಂದಲೂ ದೂರು ಬಂದಿಲ್ಲ, ಆದ್ದರಿಂದ ಬಳಕೆದಾರರ ತಪ್ಪು ಎಂಬ ನಮ್ಮ ತೀರ್ಮಾನ ಹಾಗೇ ಇದೆ ಅಂತ ಬರೆದಿದ್ದಾರೆ. ನವೆಂಬರ್ 12ರಂದು ಬ್ರಿಸ್ಬೇನಿನ ಕಚೇರಿಯಲ್ಲಿ ನಮ್ಮನ್ನು ಭೇಟಿಯಾಗುತ್ತಾರೆ. ಅದೇ ಕೊನೆಯ ಭೇಟಿಯಂತೆ.

'ಬೇರೆ ಯಾರಿಂದಲೂ ಬಂದಿಲ್ಲ' ಅನ್ನುವ ಸಾಲನ್ನು ಆಂಟಿ ಫೋನಿನಲ್ಲಿ ಓದಿ, "ಇದನ್ನ ಹೇಗೆ ಮುರಿಯೋದು ಬನು?" ಅಂದರು. ಹೇಗೆ ಅಂತ ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಒಂದು ಪ್ರಶ್ನೆ ಕೇಳಿದರೆ ಸಾಕು. 'ತೊಳೆಯುವ ಬಗ್ಗೆ ಮಾಹಿತಿ ಕೇಳಿದವರು ಎಷ್ಟು ಜನ?' ಅವರೇ ಕಂಪ್ಯೂಟರ್ ತೆರೆದು ನೋಡಬೇಕಾಗುತ್ತದೆ. ನಿನ್ನ ಹೆಸರು ಹೇಳುವುದಿಲ್ಲ. ಕೇಳಲಾ?

ಬನು

*

ಇಂಡೂರೂಪಿಲ್ಲಿ
11 ಅಕ್ಟೋಬರ್ 2015

ಬನು,

ಜುಲೈನಲ್ಲಿ ಬರೆದ ಪತ್ರವನ್ನು ಹರಿದು ಹಾಕು.

ತೇಜಸನ ಹುಟ್ಟುಹಬ್ಬಕ್ಕೆ ಒಂದು ರೈಲು ಕಳಿಸುತ್ತಿದ್ದೇನೆ, ಮರದ್ದು. ಸದ್ದು ಮಾಡುವುದಿಲ್ಲ.

ಅ.

*

ಇಂಡೂರೂಪಿಲ್ಲಿ, ನಿನ್ನ ಮನೆಯ ಮೆಟ್ಟಿಲು
11 ನವೆಂಬರ್ 2015, ಸಂಜೆ

ಅಹಲ್ಯಾ,

ಬಾಗಿಲು ತಟ್ಟಿದೆ. ನೀನು ಇರಲಿಲ್ಲ. ಕೆಳಗಿನ ಮನೆಯ ಹುಡುಗ ತಲೆ ಹೊರಗೆ ಹಾಕಿ, "ಅಕ್ಕಾ ಡ್ಯೂಟಿಗೆ ಹೋಗ್ಯಾಳ್ರಿ, ಬರೂದು ತಡಾ ಆಗತೈತಿ. ನೀವು ಅಡಿಲೇಡ್ ಅಕ್ಕಾ ಏನ್ರಿ?" ಅಂದ. ನನ್ನ ವಿಷಯ ನೀನು ಅವನಿಗೆ ಹೇಳಿದ್ದೀಯ. ಅಷ್ಟಕ್ಕೇ ನನಗೆ ಎಷ್ಟು ಖುಷಿಯಾಯಿತು ಅಂದರೆ, ಅವನ ಹತ್ತಿರ ಕಾಗದ ಪೆನ್ನು ಇಸಿದುಕೊಂಡು ಇಲ್ಲೇ ಮೆಟ್ಟಿಲ ಮೇಲೆ ಕೂತೆ. ಕುಡಿಯಲು ಚಹಾನೂ ಕೊಟ್ಟಿದ್ದಾನೆ. ಸಕ್ಕರೆ ಬಹಳ.

ನಾವೆಲ್ಲ ಬಂದಿದ್ದೇವೆ. ವಸಂತ ರಜೆ ಹಾಕಿದ. ನಿಮ್ಮ ರೈಲು ನಿಲ್ದಾಣದ ಹತ್ತಿರದ ಮೋಟೆಲಿನಲ್ಲಿ ಕೋಣೆ ಹಿಡಿದಿದ್ದೇವೆ. ತೇಜಸ ವಿಮಾನದುದ್ದಕ್ಕೂ ಎಲ್ಲರಿಗೂ "ಹೆಲೋ ಮೇಟ್" ಅನ್ನುತ್ತಾ ಬಂದ. ಅತ್ತೆ ಸೀರೆಯ ಕೆಳಗೆ ವಸಂತ ಕೊಡಿಸಿದ ಬಿಳಿ ಬೂಟು ಹಾಕಿಕೊಂಡು, ನದಿ ದಂಡೆಯಲ್ಲಿ ನಮ್ಮೆಲ್ಲರಿಗಿಂತ ಮುಂದೆ ನಡೆದರು. ವಿಶಾಲಾಕ್ಷಿ ಆಂಟಿ ಪರ್ತ್‌ನಿಂದ ಬಂದಿಳಿದರು. ನಾನು ಅವರನ್ನು ಎತ್ತರದ ದಪ್ಪ ಹೆಂಗಸು ಅಂದುಕೊಂಡಿದ್ದೆ, ದನಿಯಿಂದ. ನನ್ನ ಭುಜಕ್ಕೂ ಬರುವುದಿಲ್ಲ. ಬಂದವರೇ ಅತ್ತೆಯ ಕೈ ಹಿಡಿದು, "ದೊಡ್ಡಪತ್ರೆ ತಂದಿದೀರಾ?" ಅಂದರು. ಅತ್ತೆ ಎಷ್ಟೋ ತಿಂಗಳ ಮೇಲೆ ಬಾಯಿ ತುಂಬ ನಕ್ಕರು.

ಜುಲೈ ಪತ್ರ ಹರಿದು ಹಾಕಿದೆ. ನಿನ್ನ ಕಾಗದ ಬಂದ ದಿನವೇ. ಅದರ ಒಂದು ಚೂರೂ ನನ್ನ ಹತ್ತಿರ ಇಲ್ಲ. ಆದರೆ ಓದಿದ್ದನ್ನು ಹೇಗೆ ಹರಿದು ಹಾಕಲಿ?

ಮಧ್ಯಾಹ್ನ ಊಟದ ಹೊತ್ತಿಗೆ ತಡೆಯಲಾಗಲಿಲ್ಲ. ನಿನ್ನ ಹೆಸರು, ಊರು ಏನೂ ಹೇಳದೆ, ಕಂಪನಿಯ ಒಳಗಿನವರೊಬ್ಬರು ಹೀಗೆ ಹೇಳಿದ್ದಾರೆ, ಇಂಥ ಒಂದು ಪ್ರಶ್ನೆ ಇದೆ ಅಂದೆ. ಆಂಟಿ ಚಮಚ ಕೆಳಗಿಟ್ಟರು.

"ಆ ಪ್ರಶ್ನೆ ಕೇಳಿದ್ರೆ ನಾಳೆನೇ ಗೆದ್ದ ಹಾಗೆ," ಅಂದರು. "ಆದರೆ ಬನು, ಆ ವಿಭಾಗದ ಹೆಸರು ಹೊರಗಿನವರ ಬಾಯಲ್ಲಿ ಬಂದ್ರೆ, ಹೇಳಿದ್ದು ಯಾರು ಅಂತ ಅವರಿಗೆ ಅಲ್ಲೇ ಗೊತ್ತಾಗತ್ತೆ. ನಾನು ಆ ಹುಡುಗಿಗೆ ವಕೀಲರನ್ನ ಕೊಡಿಸಬಲ್ಲೆ. ವೀಸಾಕ್ಕೆ ನಿಲ್ಲೋ ಬೇರೆ ಕೆಲಸದವರನ್ನ ಹುಡುಕೋಕೆ ನಾಲ್ಕು ಕಡೆ ಫೋನ್ ಮಾಡಬಲ್ಲೆ. ಸಿಕ್ಕೇ ಸಿಗತ್ತೆ ಅಂತ ಮಾತು ಕೊಡಲಾರೆ."

"ಕೇಳದೇ ಇದ್ರೆ?" ಅಂದ ವಸಂತ.

"ನಿನ್ನ ಸಿರಿಂಜ್ ತೋರಿಸ್ತೀವಿ. ಅವರು ಚೆನ್ನಾಗಿದೆ ಅಂತಾರೆ. ಕಾಫಿ ಕೊಟ್ಟು ಕಳಿಸ್ತಾರೆ."

ತೇಜಸ ಮೇಜಿನ ಮೇಲೆ ನಿನ್ನ ಮರದ ರೈಲು ಓಡಿಸುತ್ತಿದ್ದ. ಅತ್ತೆ ಅವನ ಬಾಯಿ ಒರೆಸುತ್ತಾ, ನನ್ನ ಮುಖ ನೋಡದೆ ಹೇಳಿದರು:

"ಆ ಹುಡುಗಿ ಅನ್ನಕ್ಕೆ ಕಲ್ಲು ಬೀಳೋ ಹಾಗಿದ್ರೆ ಬೇಡ ಕಣೇ. ತಪ್ಪು ನನ್ನ ಹೆಸರಲ್ಲೇ ಇರಲಿ. ಮುಂದಿನ ವಾರ ಮೈಸೂರಿಗೆ ಹೊರಡೋಳು ನಾನು. ನನಗೇನು, ಇನ್ನು ಯಾರ ಮಗುವಿಗೆ ಔಷಧಿ ಕುಡಿಸೋದಿದೆ?"

ಅವರು ಅದನ್ನು ದುಃಖದಿಂದ ಹೇಳಲಿಲ್ಲ, ಅಹಲ್ಯಾ. ಪರೀಕ್ಷೆಯಲ್ಲಿ ಒಂದು ಅಂಕ ಬಿಟ್ಟುಕೊಡುವ ಮೇಷ್ಟರ ಹಾಗೆ ಹೇಳಿದರು. ಅದಕ್ಕೇ ನನಗೆ ಅಲ್ಲಿ ಕೂರಲಾಗಲಿಲ್ಲ. ಮೋಟೆಲಿನಿಂದ ಇಲ್ಲಿಗೆ ನಡೆದೇ ಬಂದೆ. ಆ ಮಾತನ್ನು ಹೊತ್ತುಕೊಂಡು ಅವರು ವಿಮಾನ ಹತ್ತುವುದು ನನಗೆ ಬೇಡ. ನೀನು ಗಂಟುಮೂಟೆ ಕಟ್ಟುವುದೂ ಬೇಡ. ಟೌನ್ಸ್‌ವಿಲ್ಲಿನ ಆ ಅಜ್ಜಿಗೆ, ಪರ್ತ್‌ನ ಆ ತಂದೆಗೆ ತಮ್ಮದೇ ತಪ್ಪು ಅಂತ ಇವತ್ತೂ ಅನ್ನಿಸುತ್ತಿರಬಹುದು. ಅವರನ್ನು ನಾನು ನೋಡಿಲ್ಲ, ನೀನು ಅವರ ದನಿ ಕೇಳಿದ್ದೀಯ.

ನಿನ್ನನ್ನು ಒಪ್ಪಿಸಲು ಬಂದೆ ಅಂದುಕೊಳ್ಳಬೇಡ. ದಾರಿಯಲ್ಲಿ ಒಪ್ಪಿಸುವ ಮಾತುಗಳನ್ನೇ ಜೋಡಿಸುತ್ತಾ ಬಂದೆ, ನಿಜ. ಮೆಟ್ಟಿಲು ಹತ್ತುವಾಗ ನಿನ್ನ ಬಾಗಿಲ ಮುಂದೆ ಒಂದೇ ಒಂದು ಜೊತೆ ಚಪ್ಪಲಿ ನೋಡಿ ಎಲ್ಲ ಮರೆತುಹೋಯಿತು. ಇಷ್ಟು ಹತ್ತಿರ ಕೂತು ನಿನಗೆ ಬರೆಯುವುದೇ ಒಂದು ಸುಖ. ಹುಡುಗರ ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿದೆ. ಇಲ್ಲಿ ಎಷ್ಟು ಬೇಗ ಕತ್ತಲಾಗುತ್ತದೆ! ನಿನಗೆ ಈ ಊರು ಯಾಕೆ ಹಿಡಿಸಿತು ಅಂತ ಸ್ವಲ್ಪ ಗೊತ್ತಾಯಿತು.

ನಾಳೆ ಒಂಬತ್ತು ಗಂಟೆಗೆ ಭೇಟಿ. ನೀನು ಕೇಳು ಅಂದರೆ ಕೇಳುತ್ತೇನೆ, ಆಮೇಲೆ ನಿನಗೆ ಕೆಲಸ ಹುಡುಕುವುದು ನಮ್ಮ ಮನೆಯ ಕೆಲಸ, ಅಡಿಲೇಡಿನಲ್ಲಿ ಒಂದು ಕೋಣೆ ಖಾಲಿ ಇದೆ. ಬೇಡ ಅಂದರೆ ಸಿರಿಂಜು ತೋರಿಸಿ ಕಾಫಿ ಕುಡಿದು ಬರುತ್ತೇನೆ, ನಿನ್ನ ಮೇಲೆ ಒಂದಿಷ್ಟೂ ಬೇಸರ ಮಾಡಿಕೊಳ್ಳದೆ. ಸಂಜೆ ಎಲ್ಲರೂ ಒಟ್ಟಿಗೆ ಊಟ ಮಾಡೋಣ. ಎರಡಕ್ಕೂ ನಾನು ಸಿದ್ಧ. ಆದರೆ ನೀನು ಸುಮ್ಮನಿದ್ದುಬಿಟ್ಟರೆ, ಆ ಕೋಣೆಯಲ್ಲಿ ಕೂತು ಬಾಯಿ ತೆರೆಯಬೇಕೋ ಮುಚ್ಚಬೇಕೋ ಅನ್ನುವುದು ನನ್ನ ತಲೆಗೆ ಬರುತ್ತದೆ. ಅದನ್ನು ಮಾತ್ರ ನನ್ನೊಬ್ಬಳ ಮೇಲೆ ಬಿಡಬೇಡ.

ನನ್ನ ನಂಬರ್ ಕೆಳಗೆ ಬರೆದಿದ್ದೇನೆ. ನೀನು ಎಷ್ಟು ತಡವಾಗಿ ಬಂದರೂ ಸರಿ, ನಾನು ಎದ್ದಿರುತ್ತೇನೆ, ಅದು ನನಗೆ ಯಾರಾದರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಹೂಂ ಅನ್ನು, ಊಹೂಂ ಅನ್ನು, ಏನೂ ತೋಚದಿದ್ದರೆ ಬನು ಅಂತ ಕರೆದು ಸುಮ್ಮನೆ ಹಿಡಿದುಕೊಂಡಿರು, ಇಬ್ಬರೂ ಕೂಡಿ ಯೋಚನೆ ಮಾಡೋಣ. ದಮ್ಮಯ್ಯ ಅಹಲ್ಯಾ, ಬೆಳಗಾಗುವುದರೊಳಗೆ ಫೋನ್ ಮಾಡು.

ನಿನ್ನ ಬನು